ಡಫಲ್ ಬ್ಯಾಗ್: ಕಡೂರು, ತರೀಕೆರೆ, ಅಜ್ಜಂಪುರದ ದಾರಿಗೊಪ್ಪುವ ಚೀಲ

ಸ್ವರೂಪ

ಗಟ್ಟಿ ಚೌಕಟ್ಟಿಲ್ಲದ, ಸಿಲಿಂಡರ್ ಆಕಾರದ, ಮೇಲ್ಭಾಗದಲ್ಲಿ ಉದ್ದಕ್ಕೂ ಜಿಪ್ ಇರುವ ಬಟ್ಟೆಯ ಪ್ರಯಾಣಚೀಲವೇ ಡಫಲ್ ಬ್ಯಾಗ್. ಕೈಯಲ್ಲಿ ಹಿಡಿಯಲು ಎರಡು ಹಿಡಿಗಳು, ಹೆಗಲಿಗೆ ಹಾಕಲು ಒಂದು ಉದ್ದನೆಯ ಪಟ್ಟಿ ಇದಕ್ಕಿರುತ್ತವೆ. ಅಂಗಡಿಗಳಲ್ಲಿ ಇದನ್ನು ಟ್ರಾವೆಲ್ ಬ್ಯಾಗ್, ಕಿಟ್ ಬ್ಯಾಗ್, ಜಿಮ್ ಬ್ಯಾಗ್ ಎಂದೂ ಕೇಳುತ್ತಾರೆ. ಹಿಂದಿನ ತಲೆಮಾರಿನ ಅನೇಕರಿಗೆ ಇದು ಏರ್‌ಬ್ಯಾಗ್.

ಸೂಟ್‌ಕೇಸ್ ಖಾಲಿಯಿದ್ದಾಗಲೂ ತುಂಬಿದ್ದಾಗಲೂ ಒಂದೇ ಅಳತೆಯ ಜಾಗವನ್ನು ಬೇಡುತ್ತದೆ. ಡಫಲ್ ಹಾಗಲ್ಲ. ಒಳಗಿರುವ ವಸ್ತುವಿಗೆ ತಕ್ಕಂತೆ ಉಬ್ಬುತ್ತದೆ, ಇಟ್ಟ ಜಾಗಕ್ಕೆ ತಕ್ಕಂತೆ ಬಾಗುತ್ತದೆ, ಖಾಲಿಯಾದಾಗ ಮಡಚಿ ಬೀರುವಿನಲ್ಲಿ ಇಡುವಷ್ಟು ಚಿಕ್ಕದಾಗುತ್ತದೆ. ಈ ಚೀಲದ ಎಲ್ಲ ಅನುಕೂಲಗಳೂ ಎಲ್ಲ ಮಿತಿಗಳೂ ಚೌಕಟ್ಟಿಲ್ಲದಿರುವ ಈ ಒಂದೇ ಗುಣದಿಂದ ಹುಟ್ಟುತ್ತವೆ. ಆದ್ದರಿಂದ ಆಯ್ಕೆ ಮಾಡುವಾಗ ಚೀಲದ ಅಂದಕ್ಕಿಂತ ಅದು ಸಾಗುವ ವಾಹನವನ್ನೂ ದಾರಿಯ ಹವೆಯನ್ನೂ ಮೊದಲು ನೋಡಬೇಕು.

ಹಿನ್ನೆಲೆ

ಡಫಲ್ ಎಂಬುದು ಬೆಲ್ಜಿಯಂ ದೇಶದ ಆಂಟ್‌ವರ್ಪ್ ಪ್ರಾಂತ್ಯದ ಒಂದು ಊರು. ಅಲ್ಲಿ ನೇಯುತ್ತಿದ್ದ ದಪ್ಪ ಉಣ್ಣೆಬಟ್ಟೆಗೆ ಊರಿನ ಹೆಸರೇ ಬಂತು. ಬಟ್ಟೆಯ ಹೆಸರು ಮುಂದೆ ಚೀಲಕ್ಕೆ ಅಂಟಿತು. ನಾವಿಕರೂ ಸೈನಿಕರೂ ಬಳಸುತ್ತಿದ್ದ ಹಳೆಯ ಮಾದರಿಯಲ್ಲಿ ಬಾಯಿ ಒಂದು ತುದಿಯಲ್ಲಿತ್ತು, ಅದನ್ನು ಹಗ್ಗದಿಂದ ಬಿಗಿಯುತ್ತಿದ್ದರು. ತಳದಲ್ಲಿರುವ ವಸ್ತು ಬೇಕಾದರೆ ಇಡೀ ಚೀಲವನ್ನು ಸುರಿಯಬೇಕಾಗಿತ್ತು. ಉದ್ದಕ್ಕೂ ಜಿಪ್ ಬಂದ ಮೇಲೆ ಈ ತೊಡಕು ನೀಗಿತು.

ಮೆತ್ತನೆಯ ಚೀಲದಲ್ಲಿ ಸರಕು ಸಾಗಿಸುವ ಪದ್ಧತಿ ಕಡೂರು, ತರೀಕೆರೆ, ಅಜ್ಜಂಪುರದ ಸೀಮೆಗೆ ಹೊಸದಲ್ಲ. ಅಜ್ಜಂಪುರದಲ್ಲಿ ಅಮೃತ ಮಹಲ್ ಗೋತಳಿಯ ಸಂವರ್ಧನಾ ಕೇಂದ್ರವಿದೆ. ಚಿಕ್ಕದೇವರಾಜ ಒಡೆಯರ ಕಾಲದಲ್ಲಿ ‘ಬೆಣ್ಣೆ ಚಾವಡಿ’ ಎನಿಸಿಕೊಂಡಿದ್ದ ಅರಮನೆಯ ಗೋವುಗಳ ವ್ಯವಸ್ಥೆಗೆ ‘ಅಮೃತ ಮಹಲ್’ ಎಂದು ಹೆಸರಿಟ್ಟವನು ಟಿಪ್ಪು ಸುಲ್ತಾನ್. ಹೈದರ್ ಅಲಿ ಮತ್ತು ಟಿಪ್ಪುವಿನ ಸೇನೆಗಳ ಸಾಮಾನು ಸರಂಜಾಮುಗಳನ್ನು ವೇಗವಾಗಿ ಸಾಗಿಸಿದ್ದು ಇದೇ ತಳಿಯ ಎತ್ತುಗಳು. ಎತ್ತಿನ ಬೆನ್ನ ಮೇಲೆ ಹೇರುತ್ತಿದ್ದ ಹಸಿಬೆ ಚೀಲದ ರಚನೆ ಇಂದಿಗೂ ಗಮನಾರ್ಹ. ಅದಕ್ಕೆ ಎರಡು ತುದಿಗಳಲ್ಲಿ ಎರಡು ಹೊಟ್ಟೆ. ಬಾಯಿ ಮಾತ್ರ ನಡುವೆ. ಇಳಿಬಿಟ್ಟಾಗ ಎರಡೂ ಕಡೆ ತೂಕ ಸಮವಾಗುತ್ತದೆ. ಇದೇ ಹಸಿಬೆಯನ್ನು ಚಿಕ್ಕದಾಗಿ ಹೊಲಿದು ಮನುಷ್ಯರೂ ಹೆಗಲ ಮೇಲೆ ಹಾಕಿಕೊಳ್ಳುತ್ತಿದ್ದರು. ಭಾರವನ್ನು ಹಂಚುವ ವಿಷಯದಲ್ಲಿ ಇದು ಡಫಲ್‌ಗಿಂತ ಜಾಣತನದ ವಿನ್ಯಾಸ ಎನ್ನಲೇಬೇಕು, ಏಕೆಂದರೆ ಡಫಲ್‌ನ ಪೂರ್ಣ ತೂಕ ಒಂದೇ ಹೆಗಲಿನ ಮೇಲೆ ಬೀಳುತ್ತದೆ.

ದಾರಿ ಮತ್ತು ಹವೆ

ಕಡೂರು ಬೆಂಗಳೂರು–ಹುಬ್ಬಳ್ಳಿ ರೈಲುಮಾರ್ಗದಲ್ಲಿದೆ. 2013ರಲ್ಲಿ ಇಲ್ಲಿಂದ ಚಿಕ್ಕಮಗಳೂರಿಗೂ ರೈಲು ಆರಂಭವಾಯಿತು. ಸಮೀಪದ ಬೀರೂರಿನಲ್ಲಿ ಮಾರ್ಗ ಕವಲೊಡೆಯುತ್ತದೆ: ಒಂದು ಕವಲು ತರೀಕೆರೆ, ಭದ್ರಾವತಿಯ ಮೂಲಕ ಶಿವಮೊಗ್ಗಕ್ಕೆ, ಇನ್ನೊಂದು ಅಜ್ಜಂಪುರದ ಮೂಲಕ ಹುಬ್ಬಳ್ಳಿಯ ಕಡೆಗೆ. ಹೀಗಾಗಿ ತರೀಕೆರೆಯಿಂದ ಅಜ್ಜಂಪುರಕ್ಕೆ ರೈಲಿನಲ್ಲಿ ಹೋಗುವವರು ಬೀರೂರಿನಲ್ಲಿ ಇಳಿದು ಹತ್ತಬೇಕು. ಪ್ಲಾಟ್‌ಫಾರಂ ಬದಲಿಸಲು ಮೆಟ್ಟಿಲು ಹತ್ತಿಳಿಯುವಾಗ ಗಾಲಿಯ ಸೂಟ್‌ಕೇಸ್ ಬರೀ ಹೊರೆ. ಹೆಗಲಿಗೇರಿದ ಚೀಲ ಅಲ್ಲಿ ಸಲೀಸು.

ಹವೆಯೂ ಅಷ್ಟೇ ಬೇಗ ಬದಲಾಗುತ್ತದೆ. ಕಡೂರು ಬಾಬಾಬುಡನ್‌ಗಿರಿ ಶ್ರೇಣಿಯ ಮಳೆನೆರಳಿನ ಸೀಮೆ. ಬೇಸಿಗೆಯಲ್ಲಿ ದೂಳು ಹೆಚ್ಚು. ಈರುಳ್ಳಿ ಬೆಳೆಯುವ ಅಜ್ಜಂಪುರದ ಬಯಲೂ ಹಾಗೆಯೇ. ತರೀಕೆರೆ ಅರೆಮಲೆನಾಡು. ಅಲ್ಲಿಂದ ಲಿಂಗದಹಳ್ಳಿಯ ದಾರಿಯಲ್ಲಿ ಕಲ್ಲತ್ತಿಗಿರಿ, ಕೆಮ್ಮಣ್ಣುಗುಂಡಿಯತ್ತ ಏರಿದರೆ ಮುಂಗಾರಿನಲ್ಲಿ ಮಳೆ, ಮಂಜು ಬಿಡುವುದೇ ಇಲ್ಲ. ಕಡೂರಿನಲ್ಲಿ ದೂಳು ತಡೆಯಬೇಕಾದ ಚೀಲ ಅದೇ ದಿನ ಸಂಜೆ ನೀರನ್ನೂ ತಡೆಯಬೇಕಾಗುತ್ತದೆ.

ಬಟ್ಟೆ

ಹತ್ತಿಯ ಕ್ಯಾನ್‌ವಾಸ್ ಗಟ್ಟಿ ಮತ್ತು ದೀರ್ಘಬಾಳಿಕೆಯ ಬಟ್ಟೆ. ನೆನೆದಾಗ ಅದರ ನಾರುಗಳು ಉಬ್ಬಿ ನೇಯ್ಗೆಯ ಸಂದುಗಳು ಮುಚ್ಚುವುದರಿಂದ ಸಣ್ಣ ತುಂತುರನ್ನು ತಡೆಯುತ್ತದೆ. ಆದರೆ ನೆನೆದ ಕ್ಯಾನ್‌ವಾಸ್ ಬಹಳ ತೂಗುತ್ತದೆ, ನಿಧಾನವಾಗಿ ಒಣಗುತ್ತದೆ; ತೇವದಲ್ಲೇ ಮಡಚಿಟ್ಟರೆ ಬೂಷ್ಟು ಹಿಡಿಯುತ್ತದೆ. ಬಯಲುಸೀಮೆಗೆ ಅದು ಒಳ್ಳೆಯದು, ಮಲೆನಾಡಿನ ಮಳೆಗಾಲಕ್ಕೆ ಅಲ್ಲ.

ಪಾಲಿಯೆಸ್ಟರ್ ಮತ್ತು ನೈಲಾನ್ ಚೀಲಗಳ ಮೇಲೆ 420, 600, 1000 ಎಂಬ ಸಂಖ್ಯೆಗಳು ಇರುತ್ತವೆ. ಇದು ನೂಲಿನ ದಪ್ಪವನ್ನು ಸೂಚಿಸುವ ‘ಡೆನಿಯರ್’ ಮಾನ. 9,000 ಮೀಟರ್ ನೂಲು ಎಷ್ಟು ಗ್ರಾಂ ತೂಗುತ್ತದೋ ಅಷ್ಟು ಡೆನಿಯರ್. 600 ಡೆನಿಯರ್ ನೂಲನ್ನು ಕಡೂರಿನಿಂದ ಬಿಚ್ಚುತ್ತಾ ಹೋದರೆ ಬೀರೂರನ್ನು ದಾಟುವ ಹೊತ್ತಿಗೂ 600 ಗ್ರಾಂ ಮುಗಿದಿರುವುದಿಲ್ಲ. ಸಾಮಾನ್ಯ ಪ್ರಯಾಣಕ್ಕೆ 600 ಡೆನಿಯರ್ ಪಾಲಿಯೆಸ್ಟರ್ ಸಾಕು. ಒಂದೇ ದಪ್ಪದಲ್ಲಿ ನೈಲಾನ್ ಹೆಚ್ಚು ಸವಕಳಿ ತಾಳುತ್ತದೆ. ಬಿಸಿಲಿಗೆ ಪಾಲಿಯೆಸ್ಟರ್ ಹೆಚ್ಚು ಬಾಳುತ್ತದೆ.

ನೀರನ್ನು ತಡೆಯುವುದು ನೂಲಲ್ಲ, ಬಟ್ಟೆಯ ಒಳಮೈಗೆ ಬಳಿದ ಪಾಲಿಯುರೆಥೇನ್ ಲೇಪ. ಚೀಲವನ್ನು ಮಗುಚಿ ನೋಡಿದರೆ ಇದು ತೆಳುವಾದ ಹೊಳಪಾಗಿ ಕಾಣುತ್ತದೆ. ಅಸ್ತರು ಇರುವ ಚೀಲದಲ್ಲಿ ಇದು ಕಾಣಿಸದು. ತೇವದಲ್ಲಿ ವರ್ಷಗಟ್ಟಲೆ ಇಟ್ಟರೆ ಈ ಲೇಪ ಅಂಟಂಟಾಗಿ ಪುಡಿಯುದುರುತ್ತದೆ. ಲೇಪ ಚೆನ್ನಾಗಿದ್ದರೂ ಹೊಲಿಗೆಯ ತೂತು ಮತ್ತು ಜಿಪ್‌ನ ಮೂಲಕ ನೀರು ಇಳಿಯುವುದರಿಂದ ಬಟ್ಟೆಗಳನ್ನು ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿ ಇಡುವುದು ಹೆಚ್ಚು ಭದ್ರ. ತಾಡಪಾಲಿನಂಥ ಪಿವಿಸಿ ಚೀಲಗಳು ನಿಜವಾಗಿಯೂ ನೀರು ತಡೆಯುತ್ತವೆ, ಆದರೆ ಭಾರವೂ ಹೌದು, ದುಬಾರಿಯೂ ಹೌದು.

ಜಿಪ್, ಹೊಲಿಗೆ, ಪಟ್ಟಿ

ಚೀಲದ ಬಟ್ಟೆ ಹರಿಯುವುದು ಅಪರೂಪ. ಮೊದಲು ಕೈಕೊಡುವುದು ಜಿಪ್, ಅದರ ನಂತರ ಪಟ್ಟಿಯ ಬುಡ. ಅಂಗಡಿಯಲ್ಲಿ ಹೆಚ್ಚು ಹೊತ್ತು ನೋಡಬೇಕಾದದ್ದು ಇವೆರಡನ್ನೇ.

ಜಿಪ್‌ಗಳನ್ನು 5, 8, 10 ಎಂಬ ಸಂಖ್ಯೆಗಳಿಂದ ಗುರುತಿಸುತ್ತಾರೆ. ಮುಚ್ಚಿದಾಗ ಹಲ್ಲುಗಳ ಸಾಲಿನ ಅಗಲ ಸರಿಸುಮಾರು ಅಷ್ಟು ಮಿಲಿಮೀಟರ್. ದೊಡ್ಡ ಡಫಲ್‌ನ ಮುಖ್ಯ ಬಾಯಿಗೆ 8 ಅಥವಾ 10 ಇರಬೇಕು. 5 ಹೊರಜೇಬಿಗೆ ಸಾಕು. ರನ್ನರನ್ನು ಒಂದು ತುದಿಯಿಂದ ಇನ್ನೊಂದಕ್ಕೆ ಒಂದೇ ಕೈಯಲ್ಲಿ ಎಳೆದು, ಮೂಲೆಯ ತಿರುವಿನಲ್ಲಿ ಅದು ತಡೆಯುತ್ತದೆಯೇ ಎಂದು ನೋಡಬೇಕು. ಖಾಲಿ ಚೀಲದಲ್ಲೇ ತಡೆಯುವ ಜಿಪ್, ತುಂಬಿದ ಚೀಲದಲ್ಲಿ ಹಲ್ಲು ಬಿಡುವುದು ಖಚಿತ.

ಪಟ್ಟಿ ಚೀಲಕ್ಕೆ ಸೇರುವಲ್ಲಿ ಚೌಕಾಕಾರದ ಹೊಲಿಗೆ, ಅದರೊಳಗೆ ಗುಣಾಕಾರ ಚಿಹ್ನೆಯಂಥ ಅಡ್ಡಹೊಲಿಗೆ ಕಾಣಬೇಕು. ಒಂದೇ ಸಾಲಿನ ಹೊಲಿಗೆಯಾದರೆ ಎಳೆತವೆಲ್ಲ ಆ ಗೆರೆಯ ಮೇಲೆ ಬಿದ್ದು, ಮೊದಲ ದಾರ ಕಿತ್ತ ಕೂಡಲೇ ಉಳಿದವು ಹಿಂಬಾಲಿಸುತ್ತವೆ. ಎರಡು ಹಿಡಿಗಳ ಪಟ್ಟಿಯು ಚೀಲದ ತಳವನ್ನು ಸುತ್ತಿ ಬಂದಿದ್ದರೆ ಇನ್ನೂ ಒಳ್ಳೆಯದು. ಆಗ ಭಾರ ಹೊಲಿಗೆಯ ಮೇಲಲ್ಲ, ಪಟ್ಟಿಯ ಮೇಲೆ ಕೂರುತ್ತದೆ. ಹೆಗಲ ಪಟ್ಟಿಯ ಕೊಂಡಿ ಲೋಹದ್ದಾಗಿರಲಿ.

ಗಾತ್ರ

ಚೀಲದ ಗಾತ್ರವನ್ನು ಲೀಟರಿನಲ್ಲಿ ಹೇಳುತ್ತಾರೆ. ಶಾಲೆಯಲ್ಲಿ ಕಲಿತ ಸಿಲಿಂಡರಿನ ಸೂತ್ರದಿಂದಲೇ ಇದನ್ನು ಪರೀಕ್ಷಿಸಬಹುದು: 30 ಸೆಂಟಿಮೀಟರ್ ವ್ಯಾಸ, 55 ಸೆಂಟಿಮೀಟರ್ ಉದ್ದದ ಚೀಲ ಸುಮಾರು 39 ಲೀಟರ್ ಹಿಡಿಯುತ್ತದೆ. ಒಬ್ಬರಿಗೆ ಎರಡು ಮೂರು ದಿನದ ಪ್ರಯಾಣಕ್ಕೆ ಇದು ತಕ್ಕ ಅಳತೆ. ಕಚೇರಿ, ಆಟದ ಮೈದಾನಕ್ಕೆ 25–30 ಲೀಟರ್, ಹಾಸ್ಟೆಲಿಗೆ ಹೋಗುವ ವಿದ್ಯಾರ್ಥಿಗೆ 60 ಲೀಟರ್ ಸಾಕು. ಅದಕ್ಕಿಂತ ದೊಡ್ಡದನ್ನು ಕೊಳ್ಳದಿರುವುದೇ ಮೇಲು. ಜಾಗವಿದ್ದಷ್ಟೂ ತುಂಬುವುದು ಮನುಷ್ಯಸ್ವಭಾವ, ಹೊರುವ ಹೆಗಲು ಮಾತ್ರ ಒಂದೇ.

ಕೆಎಸ್‌ಆರ್‌ಟಿಸಿ ಬಸ್ಸಿನಲ್ಲಿ ವಯಸ್ಕ ಪ್ರಯಾಣಿಕರು 30 ಕಿಲೊವರೆಗೆ ಉಚಿತವಾಗಿ ಒಯ್ಯಬಹುದು. ರೈಲಿನಲ್ಲಿ ಎರಡನೆಯ ದರ್ಜೆಗೆ 35 ಕಿಲೊ, ಸ್ಲೀಪರ್ ದರ್ಜೆಗೆ 40 ಕಿಲೊ ಉಚಿತ ಮಿತಿ. ದೇಶದೊಳಗಿನ ವಿಮಾನಗಳಲ್ಲಿ ಕೈಚೀಲಕ್ಕೆ ಸಾಮಾನ್ಯವಾಗಿ 7 ಕಿಲೊ. ಹೆಗಲಿನ ಮಿತಿ ಬಸ್ಸು, ರೈಲುಗಳದ್ದಕ್ಕಿಂತ ಬಹಳ ಕಡಿಮೆ. ಬಲ ಹೆಗಲಿಗೆ ಭಾರ ಬಿದ್ದಾಗ ದೇಹ ಎಡಕ್ಕೆ ವಾಲುತ್ತದೆ, ಬೆನ್ನಿನ ಎಡಭಾಗದ ಸ್ನಾಯುಗಳು ಸದಾ ಬಿಗಿದಿರಬೇಕಾಗುತ್ತದೆ. ಹತ್ತು ಕಿಲೊ ದಾಟಿದರೆ ಬೆನ್ನಿಗೆ ಹಾಕುವ ಎರಡು ಪಟ್ಟಿಗಳಿರುವ ಮಾದರಿಯನ್ನೇ ಆರಿಸಬೇಕು.

ತುಂಬುವ ಕ್ರಮ

ಊರಿಗೆ ಬಂದು ಬೆಂಗಳೂರಿಗೆ ಮರಳುವವರ ಚೀಲವು ತುಂಬುವ ಕ್ರಮಕ್ಕೆ ಒಳ್ಳೆಯ ಉದಾಹರಣೆ. ಕಡೂರಿನ ತೋಟದ ತೆಂಗಿನಕಾಯಿ, ರಾಗಿಹಿಟ್ಟು, ಉಪ್ಪಿನಕಾಯಿ ಬಾಟಲಿ, ಜೊತೆಗೆ ಮದುವೆಗೆ ಉಟ್ಟ ರೇಷ್ಮೆ ಸೀರೆ, ಎಲ್ಲವೂ ಒಂದೇ ಬಾಯಿಯೊಳಗೆ ಹೋಗಬೇಕು. ಸುಲಿದ ಕಾಯಿಗಳನ್ನು ಬಿಡಿಬಿಡಿಯಾಗಿ ಹಾಕಿದರೆ ನಡೆಯುವಾಗ ಉರುಳಿ ಒಂದು ತುದಿಗೆ ಸೇರುತ್ತವೆ, ಚೀಲ ಓಲುತ್ತದೆ, ಪಟ್ಟಿಯ ಒಂದೇ ಬುಡಕ್ಕೆ ಭಾರ ಬೀಳುತ್ತದೆ. ಅವುಗಳನ್ನು ಜುಟ್ಟಿನ ಸಮೇತ ಬಟ್ಟೆಚೀಲದಲ್ಲಿ ಬಿಗಿಯಾಗಿ ಕಟ್ಟಿ, ಡಫಲ್‌ನ ತಳದಲ್ಲಿ ಸರಿಯಾಗಿ ನಡುವೆ ಇಡಬೇಕು. ಎರಡು ತುದಿಗಳಿಗೆ ಸುರುಳಿ ಸುತ್ತಿದ ಹಗುರ ಬಟ್ಟೆ, ಟವೆಲು. ಹಿಟ್ಟಿನ ಪೊಟ್ಟಣಕ್ಕೆ ಎರಡು ಪದರದ ಕವರು. ಉಪ್ಪಿನಕಾಯಿ ಬಾಟಲಿ ನೆಟ್ಟಗೆ ನಿಲ್ಲುವ ಭರವಸೆ ಮೆತ್ತನೆಯ ಚೀಲದಲ್ಲಿ ಇಲ್ಲ, ಅದನ್ನು ಬೇರೆ ಕೈಚೀಲದಲ್ಲಿ ಒಯ್ಯುವುದೇ ಸರಿ. ಸೀರೆಯನ್ನು ಹತ್ತಿಬಟ್ಟೆಯಲ್ಲಿ ಸುತ್ತಿ ಎಲ್ಲಕ್ಕಿಂತ ಮೇಲೆ ಇಟ್ಟರೂ ಮಡಿಕೆಯ ಗುರುತು ಬೀಳಬಹುದು; ಬೆಲೆಬಾಳುವ ಸೀರೆಗೆ ಇಂದಿಗೂ ಸೂಟ್‌ಕೇಸೇ ತಕ್ಕದ್ದು.

ಕಲ್ಲತ್ತಿಗಿರಿಯ ಝರಿಯಲ್ಲಿ ಮಿಂದು ಬರುವವರಿಗೆ, ಮೈದಾನದಿಂದ ಮರಳುವ ಆಟಗಾರರಿಗೆ ಒದ್ದೆಬಟ್ಟೆ ಮತ್ತು ಶೂಗಳಿಗೆಂದೇ ಪ್ರತ್ಯೇಕ ಖಾನೆ ಇರುವ ಚೀಲ ಒಪ್ಪುತ್ತದೆ. ಹಣ, ಫೋನು, ದಾಖಲೆಪತ್ರಗಳು ಡಫಲ್‌ನಲ್ಲಿ ಇರಬಾರದು. ಎರಡು ರನ್ನರುಗಳನ್ನು ಸೇರಿಸಿ ಬೀಗ ಹಾಕಿದರೂ, ಸುರುಳಿ ಹಲ್ಲಿನ ಜಿಪ್ಪನ್ನು ಮೊನಚಾದ ವಸ್ತುವಿನಿಂದ ನಡುವೆ ಬಿಡಿಸಲು ಸಾಧ್ಯ.

ಆರೈಕೆ

ಪ್ರಯಾಣದ ನಂತರ ಚೀಲವನ್ನು ಮಗುಚಿ ದೂಳು ಕೊಡವಬೇಕು. ಸೋಪಿನ ನೀರಿನಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿ ನೆರಳಿನಲ್ಲಿ ಒಣಗಿಸಬೇಕು. ವಾಷಿಂಗ್ ಮೆಷಿನ್ನಿನ ತಿರುಚಾಟಕ್ಕೆ ಒಳಲೇಪ ಸುಲಿಯುತ್ತದೆ. ಜಿಪ್ ಬಿಗಿಯಾದರೆ ಹಲ್ಲಿನ ಮೇಲೆ ಮೇಣದಬತ್ತಿ ಉಜ್ಜಿದರೆ ಸಡಿಲವಾಗುತ್ತದೆ. ಎಣ್ಣೆ ಹಚ್ಚಬಾರದು, ಅದು ದೂಳನ್ನು ಹಿಡಿದಿಡುತ್ತದೆ. ರನ್ನರ್ ದಾಟಿದ ಮೇಲೂ ಹಲ್ಲುಗಳು ಕೂಡದಿದ್ದರೆ ಜಿಪ್ ಕೆಟ್ಟಿದೆ ಎಂದಲ್ಲ. ಬಹುತೇಕ ಸಂದರ್ಭಗಳಲ್ಲಿ ರನ್ನರಿನ ಬಾಯಿ ಸವೆದು ಅಗಲವಾಗಿರುತ್ತದೆ. ಇಕ್ಕಳದಿಂದ ಅದರ ಎರಡೂ ಬದಿಯನ್ನು ಸ್ವಲ್ಪ ಸ್ವಲ್ಪವೇ ಒತ್ತಿ ನೋಡಬೇಕು. ಅದಕ್ಕೂ ಬಗ್ಗದಿದ್ದರೆ ಬ್ಯಾಗ್ ರಿಪೇರಿಯವರು ರನ್ನರನ್ನಷ್ಟೇ ಬದಲಿಸಿಕೊಡುತ್ತಾರೆ, ಇಡೀ ಜಿಪ್ ಬಿಚ್ಚುವ ಅಗತ್ಯ ಬರುವುದಿಲ್ಲ.