ಮನೆಯ ಕೋಣೆಯೇ ಧ್ವನಿಮುದ್ರಣ ಶಾಲೆ

ಬೆಂಗಳೂರು ದಕ್ಷಿಣದ ಸುದ್ದಗುಂಟೆಪಾಳ್ಯದಲ್ಲಿ ಓಡಾಡಿದವರಿಗೆ ಅಲ್ಲಿಯ ಗದ್ದಲ ಗೊತ್ತು. ಒಂದು ಬದಿಗೆ ಹೊಸೂರು ರಸ್ತೆ, ಇನ್ನೊಂದು ಬದಿಗೆ ತಾವರೆಕೆರೆ, ಬಿ.ಟಿ.ಎಂ. ಬಡಾವಣೆ. ನಡುವಣ ಕಿರಿದಾದ ಬೀದಿಗಳಲ್ಲಿ ಆಟೊ, ಸ್ಕೂಟರುಗಳ ಸಾಲು, ಒತ್ತೊತ್ತಾಗಿ ನಿಂತ ಮನೆಗಳು, ವಿದ್ಯಾರ್ಥಿಗಳು ಬಾಡಿಗೆಗೆ ಹಿಡಿದ ಸಣ್ಣ ಕೋಣೆಗಳು. ಇಂಥದೊಂದು ಕೋಣೆಯಲ್ಲಿ ನೀವಿದ್ದೀರಿ ಎಂದುಕೊಳ್ಳಿ. ಊರಿನಿಂದ ಬರುವಾಗ ಒಂದು ಹಳೆಯ ಕ್ಯಾಸೆಟ್ ತಂದಿದ್ದೀರಿ. ಅದರಲ್ಲಿ ನಿಮ್ಮ ಅಜ್ಜಿ 35 ವರ್ಷಗಳ ಹಿಂದೆ ಹಾಡಿದ ಸೋಬಾನೆ ಪದಗಳಿವೆ. ಅಜ್ಜಿ ಈಗಿಲ್ಲ, ದನಿ ಮಾತ್ರ ಉಳಿದಿದೆ.

ಈ ದನಿಯನ್ನು ಕಂಪ್ಯೂಟರಿಗೆ ಇಳಿಸಿಕೊಳ್ಳಬಹುದೆ? ಅದೇ ಕೋಣೆಯಲ್ಲಿ ಗೆಳೆಯನ ಹಾಡನ್ನೂ ಮುದ್ರಿಸಿಕೊಳ್ಳಬಹುದೆ? ಅದಕ್ಕೆ ಲಕ್ಷಾಂತರ ರೂಪಾಯಿ ಸುರಿಯಬೇಕೆ? ಖಂಡಿತ ಬೇಕಿಲ್ಲ. ಹಳೆಯ ಅನಲಾಗ್ ಉಪಕರಣ ಮತ್ತು ಇಂದಿನ ಡಿಜಿಟಲ್ ಉಪಕರಣ ಎರಡನ್ನೂ ಜೊತೆಗೂಡಿಸಿದ ಒಂದು ಮಿಶ್ರ ಸ್ಟುಡಿಯೊವನ್ನು ಮನೆಯಲ್ಲೇ ಕಟ್ಟಿಕೊಳ್ಳಬಹುದು. ಆದರೆ ಯಾವ ಉಪಕರಣ ಏನು ಮಾಡುತ್ತದೆ ಎಂದು ಅರಿಯಲು ಅದರ ಇತಿಹಾಸವನ್ನು ಸ್ವಲ್ಪ ನೋಡಬೇಕು.

ಮೇಣದ ಕಾಲ

ಭಾರತದಲ್ಲಿ ವಾಣಿಜ್ಯ ಧ್ವನಿಮುದ್ರಣ ಮೊದಲಾದದ್ದು 1902ರಲ್ಲಿ. ಗ್ರಾಮಫೋನ್ ಕಂಪನಿಯ ಫ್ರೆಡ್ ಗೈಸ್‌ಬರ್ಗ್ ಕೋಲ್ಕತ್ತಕ್ಕೆ ಬಂದು ಗೌಹರ್ ಜಾನ್ ಮೊದಲಾದವರ ಹಾಡುಗಳನ್ನು ಮುದ್ರಿಸಿಕೊಂಡ. ಆಗ ಮೈಕ್ರೋಫೋನೂ ಇರಲಿಲ್ಲ, ವಿದ್ಯುತ್ ವರ್ಧಕವೂ ಇರಲಿಲ್ಲ. ಗಾಯಕಿ ದೊಡ್ಡ ಕಹಳೆಯೊಳಕ್ಕೆ ಗಟ್ಟಿಯಾಗಿ ಹಾಡಬೇಕು. ಗಾಳಿಯ ಒತ್ತಡ ಕಹಳೆಯ ತುದಿಯ ಪೊರೆಯನ್ನು ಅಲುಗಿಸುತ್ತದೆ, ಪೊರೆಗೆ ಅಂಟಿದ ಸೂಜಿ ಮೇಣದ ತಟ್ಟೆಯ ಮೇಲೆ ಗೀರುತ್ತದೆ. ಸುಮಾರು 3 ನಿಮಿಷದಲ್ಲಿ ಹಾಡು ಮುಗಿಯಬೇಕು! ಮೇಣದ ತಟ್ಟೆಗಳು ಹಡಗಿನಲ್ಲಿ ಜರ್ಮನಿಯ ಹ್ಯಾನೋವರಿಗೆ ಹೋಗಿ ಅಲ್ಲಿ ಅಚ್ಚಾಗಿ ಬರುತ್ತಿದ್ದವು. ಗೌಹರ್ ಜಾನ್ ತಮ್ಮ ಕೊನೆಯ ದಿನಗಳನ್ನು ಕಳೆದದ್ದು ನಮ್ಮ ಮೈಸೂರಿನಲ್ಲಿ, ಅರಮನೆಯ ಆಶ್ರಯದಲ್ಲಿ. 1930ರ ಜನವರಿಯಲ್ಲಿ ಅವರು ಅಲ್ಲೇ ತೀರಿಕೊಂಡರು.

1925ರ ಹೊತ್ತಿಗೆ ಮೈಕ್ರೋಫೋನ್ ಮತ್ತು ವರ್ಧಕಗಳು ಮುದ್ರಣಕ್ಕೆ ಬಳಕೆಯಾಗತೊಡಗಿದವು. ಮೆಲುದನಿಯೂ ತಟ್ಟೆಯ ಮೇಲೆ ಮೂಡಿತು. ಆದರೂ ಮುದ್ರಣ ದೊಡ್ಡ ಕಂಪನಿಗಳ ಕೈಯಲ್ಲೇ ಉಳಿಯಿತು.

ಮನೆಯಲ್ಲೇ ಬಾನುಲಿ

ಸ್ಟುಡಿಯೊ ಎಂದರೆ ದೊಡ್ಡ ಕಟ್ಟಡವೇ ಆಗಬೇಕೆಂಬ ಭಾವನೆಯನ್ನು ನಮ್ಮ ನಾಡಿನಲ್ಲಿ ಮೊದಲು ಅಳಿಸಿದವರು ಒಬ್ಬ ಅಧ್ಯಾಪಕರು. ಮೈಸೂರು ಮಹಾರಾಜಾ ಕಾಲೇಜಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಡಾ. ಎಂ.ವಿ. ಗೋಪಾಲಸ್ವಾಮಿ 1935ರ ಸೆಪ್ಟೆಂಬರಿನಲ್ಲಿ ತಮ್ಮ ಮನೆ ‘ವಿಠ್ಠಲ ವಿಹಾರ’ದಿಂದಲೇ ಬಾನುಲಿ ಪ್ರಸಾರ ಆರಂಭಿಸಿದರು. ಪ್ರೇಷಕದ ಸಾಮರ್ಥ್ಯ 30 ವ್ಯಾಟ್. ಅಂದರೆ ನಾವು ಹಿಂದೆ ಬಳಸುತ್ತಿದ್ದ 40 ವ್ಯಾಟಿನ ಬಲ್ಬಿಗಿಂತಲೂ ಕಡಿಮೆ! ಆ ಕೇಂದ್ರಕ್ಕೆ ಇಟ್ಟ ಹೆಸರು ‘ಆಕಾಶವಾಣಿ’. ಮುಂದೆ ಇಡೀ ದೇಶದ ಬಾನುಲಿ ಆ ಹೆಸರನ್ನು ತನ್ನದಾಗಿಸಿಕೊಂಡಿತು. 1940ರ ದಶಕದಲ್ಲಿ ಕೇಂದ್ರ ಮೈಸೂರು ಸಂಸ್ಥಾನದ ಆಡಳಿತಕ್ಕೆ ಸೇರಿತು, 1955ರಲ್ಲಿ ಬೆಂಗಳೂರಿಗೆ ಸ್ಥಳಾಂತರವಾಯಿತು.

ಗೋಪಾಲಸ್ವಾಮಿಯವರ ಮನೆಯಲ್ಲಿ ಟೇಪ್ ರೆಕಾರ್ಡರ್ ಇರುವ ಸಾಧ್ಯತೆಯೇ ಇರಲಿಲ್ಲ. ಏಕೆಂದರೆ ಜರ್ಮನಿಯ ಎ.ಇ.ಜಿ. ಕಂಪನಿ ‘ಮ್ಯಾಗ್ನೆಟೊಫೋನ್’ ಎಂಬ ಟೇಪ್ ಯಂತ್ರವನ್ನು ಬರ್ಲಿನ್ನಿನ ಪ್ರದರ್ಶನದಲ್ಲಿ ಮೊದಲು ಜನರ ಮುಂದಿಟ್ಟದ್ದು ಅದೇ 1935ರ ಆಗಸ್ಟಿನಲ್ಲಿ.

ಟೇಪಿನೊಳಗಿನ ಭೌತವಿಜ್ಞಾನ

ಟೇಪು ಎಂದರೆ ಪ್ಲಾಸ್ಟಿಕ್ ಪಟ್ಟಿಯ ಮೇಲೆ ಬಳಿದ ಕಬ್ಬಿಣದ ಆಕ್ಸೈಡಿನ ಸೂಕ್ಷ್ಮ ಪುಡಿ. ಧ್ವನಿಯಿಂದ ಬಂದ ವಿದ್ಯುತ್ ಸಂಕೇತ ಮುದ್ರಣ ತಲೆಯ ಸುರುಳಿಯಲ್ಲಿ ಹರಿದಾಗ ಅಲ್ಲಿ ಕಾಂತಕ್ಷೇತ್ರ ಉಂಟಾಗುತ್ತದೆ. ಅದರ ಮುಂದೆ ಸರಿಯುವ ಟೇಪಿನ ಕಣಗಳು ಕಾಂತೀಕರಣಗೊಂಡು ಆ ಸ್ಥಿತಿಯಲ್ಲೇ ಉಳಿಯುತ್ತವೆ.

ಇಲ್ಲೊಂದು ತೊಡಕಿದೆ. ನೀವು ತರಗತಿಯಲ್ಲಿ ಬರೆದ ಹಿಸ್ಟೆರಿಸಿಸ್ ರೇಖೆಯನ್ನು ನೆನಪಿಸಿಕೊಳ್ಳಿ. ದುರ್ಬಲ ಕಾಂತಕ್ಷೇತ್ರಕ್ಕೆ ಕಣಗಳು ಸರಿಯಾಗಿ ಸ್ಪಂದಿಸುವುದಿಲ್ಲ. ಆದ್ದರಿಂದ ಮೊದಮೊದಲ ಟೇಪುಗಳ ಧ್ವನಿ ವಿಕಾರವಾಗಿತ್ತು. 1940ರಲ್ಲಿ ಜರ್ಮನ್ ಬಾನುಲಿಯ ಎಂಜಿನಿಯರ್ ವಾಲ್ಟರ್ ವೆಬರ್, ಕಿವಿಗೆ ಕೇಳಿಸದಷ್ಟು ಹೆಚ್ಚು ಆವೃತ್ತಿಯ ಪರ್ಯಾಯ ವಿದ್ಯುತ್ತನ್ನು ಧ್ವನಿಯ ಸಂಕೇತದೊಂದಿಗೆ ಬೆರೆಸಿದರೆ ಈ ದೋಷ ಬಹುಮಟ್ಟಿಗೆ ನೀಗುತ್ತದೆ ಎಂದು ಕಂಡುಕೊಂಡ. ಎಲ್ಲ ಒಳ್ಳೆಯ ಟೇಪ್ ಯಂತ್ರಗಳೂ ಇದೇ ಉಪಾಯವನ್ನು ಅನುಸರಿಸಿದವು.

ಇನ್ನೊಂದು ಗುಣವನ್ನೂ ಗಮನಿಸಿ. ಸಂಕೇತ ಬಲವಾಗುತ್ತ ಹೋದಂತೆ ಟೇಪಿನ ಕಣಗಳು ಮೆಲ್ಲನೆ ಸಂತೃಪ್ತವಾಗುತ್ತವೆ. ಜೋರಾದ ಧ್ವನಿಯ ತುದಿಗಳು ತುಸು ದುಂಡಗಾಗುತ್ತವೆ. ಅನಲಾಗ್ ಧ್ವನಿ ಕಿವಿಗೆ ಹಿತವೆಂದು ಹಲವರು ಹೇಳುವುದರ ಹಿಂದೆ ಇದೂ ಒಂದು ಕಾರಣ.

ಕ್ಯಾಸೆಟ್ಟಿನ ಕ್ರಾಂತಿ

1963ರಲ್ಲಿ ಫಿಲಿಪ್ಸ್ ಕಂಪನಿ ಪುಟ್ಟ ಕ್ಯಾಸೆಟ್ಟನ್ನು ಹೊರತಂದಿತು. ಟೇಪಿನ ಅಗಲ 3.81 ಮಿ.ಮೀ., ವೇಗ ಸೆಕೆಂಡಿಗೆ 4.76 ಸೆ.ಮೀ. 1970ರ ದಶಕದ ಕೊನೆಯಿಂದ ಅದು ನಮ್ಮ ಮನೆಗಳಿಗೂ ಬಂತು. ಕೆ.ಎಸ್. ನಿಸಾರ್ ಅಹಮದ್ ಅವರ ಕವಿತೆಗಳಿಗೆ ಮೈಸೂರು ಅನಂತಸ್ವಾಮಿ ರಾಗ ಹಾಕಿದ ‘ನಿತ್ಯೋತ್ಸವ’ ಧ್ವನಿಸುರುಳಿ 1978ರಲ್ಲಿ ಬಂದು ಕನ್ನಡ ಭಾವಗೀತೆಗಳನ್ನು ಮನೆಮನೆಗೆ ಮುಟ್ಟಿಸಿತು. ಕನ್ನಡ ಚಿತ್ರಗೀತೆಗಳ ಮುದ್ರಣಕ್ಕೆ ಬಹುಪಾಲು ಮದರಾಸಿಗೇ ಹೋಗಬೇಕಾಗಿದ್ದ ಕಾಲ ಅದು. 1980ರ ದಶಕದಲ್ಲಿ ಶಂಕರ್ ನಾಗ್ ಬೆಂಗಳೂರಿನಲ್ಲಿ ‘ಸಂಕೇತ್’ ಸ್ಟುಡಿಯೊ ತೆರೆದಾಗ ಆ ಪರದಾಟ ತಗ್ಗತೊಡಗಿತು.

ಕ್ಯಾಸೆಟ್ಟಿನ ದೊಡ್ಡ ಕೊಡುಗೆ ಬೇರೆಯೇ ಇದೆ. ಅದರಲ್ಲಿ ಕೇಳುವುದಷ್ಟೇ ಅಲ್ಲ, ಮುದ್ರಿಸಲೂ ಬಹುದಿತ್ತು. ಕೆಂಪು ಗುಂಡಿ ಒತ್ತಿದರೆ ಸಾಕು. ಮದುವೆ ಮನೆಯ ಹಾಡು, ಹರಿಕಥೆ, ತಾಳಮದ್ದಲೆ, ಅಜ್ಜಿಯ ಸೋಬಾನೆ, ಯಾವ ಕಂಪನಿಯೂ ಮುದ್ರಿಸದ ಇಂಥವೆಲ್ಲ ಮನೆಗಳಲ್ಲಿ ದಾಖಲಾದವು. 1979ರಲ್ಲಿ ಜಪಾನಿನ ಟ್ಯಾಸ್ಕಾಮ್ ಕಂಪನಿ ಸಾಮಾನ್ಯ ಕ್ಯಾಸೆಟ್ಟಿನ ಮೇಲೆಯೇ 4 ಪಥಗಳಲ್ಲಿ ಮುದ್ರಿಸುವ ‘ಪೋರ್ಟಾಸ್ಟುಡಿಯೊ’ವನ್ನು ತಂದಿತು. ಅಮೆರಿಕದ ಗಾಯಕ ಬ್ರೂಸ್ ಸ್ಪ್ರಿಂಗ್‌ಸ್ಟೀನ್ 1982ರಲ್ಲಿ ಇದರ ಮುಂದೆ ಮನೆಯಲ್ಲೇ ಕುಳಿತು ಮುದ್ರಿಸಿದ ಹಾಡುಗಳು ‘ನೆಬ್ರಾಸ್ಕ’ ಎಂಬ ಪ್ರಸಿದ್ಧ ಆಲ್ಬಮ್ ಆಗಿ ಬಂದವು.

ಮೈಕ್ರೋಫೋನೂ ಅಗ್ಗವಾಯಿತು. ಬೆಲ್ ಪ್ರಯೋಗಾಲಯದ ಗೆರ್ಹಾರ್ಡ್ ಸೆಸ್ಲರ್ ಮತ್ತು ಜೇಮ್ಸ್ ವೆಸ್ಟ್ 1962ರಲ್ಲಿ ಕಾಯಂ ವಿದ್ಯುದಾವೇಶವನ್ನು ಹಿಡಿದಿಟ್ಟುಕೊಳ್ಳುವ ತೆಳು ಪ್ಲಾಸ್ಟಿಕ್ ಹಾಳೆಯಿಂದ ಎಲೆಕ್ಟ್ರೆಟ್ ಮೈಕ್ರೋಫೋನ್ ರಚಿಸಿದರು. ಟೇಪ್ ರೆಕಾರ್ಡರಿನ ಮೂಲೆಯ ಸಣ್ಣ ರಂಧ್ರದ ಹಿಂದೆ ಸಾಮಾನ್ಯವಾಗಿ ಇರುತ್ತಿದ್ದದ್ದು ಇದೇ.

ಧ್ವನಿ ಅಂಕಿಯಾದಾಗ

1928ರಲ್ಲಿ ಹ್ಯಾರಿ ನೈಕ್ವಿಸ್ಟ್, 1949ರಲ್ಲಿ ಕ್ಲಾಡ್ ಶಾನನ್ ಪ್ರಕಟಿಸಿದ ಲೇಖನಗಳಲ್ಲಿ ಡಿಜಿಟಲ್ ಧ್ವನಿಯ ತಳಹದಿಯಿದೆ. ಒಂದು ತರಂಗವನ್ನು ಅದರ ಗರಿಷ್ಠ ಆವೃತ್ತಿಯ ಎರಡರಷ್ಟಕ್ಕಿಂತ ಹೆಚ್ಚು ಬಾರಿ ಅಳೆದಿಟ್ಟುಕೊಂಡರೆ ಅದನ್ನು ಪೂರ್ತಿಯಾಗಿ ಮರಳಿ ಪಡೆಯಬಹುದು. ನಮ್ಮ ಕಿವಿಯ ಮಿತಿ ಸುಮಾರು 20,000 ಹರ್ಟ್ಸ್. ಆದ್ದರಿಂದಲೇ 1982ರಲ್ಲಿ ಬಂದ ಸಿ.ಡಿ.ಯಲ್ಲಿ ಸೆಕೆಂಡಿಗೆ 44,100 ಅಳತೆಗಳು.

ಪ್ರತಿ ಅಳತೆಯನ್ನೂ ಬಿಟ್‌ಗಳಲ್ಲಿ ಬರೆಯುತ್ತಾರೆ. ಒಂದೊಂದು ಬಿಟ್ಟೂ ಸುಮಾರು 6 ಡೆಸಿಬೆಲ್ ವ್ಯಾಪ್ತಿಯನ್ನು ಕೊಡುತ್ತದೆ. 16 ಬಿಟ್‌ಗೆ 96 ಡೆಸಿಬೆಲ್. ಸಾಮಾನ್ಯ ಕ್ಯಾಸೆಟ್ಟಿನ ವ್ಯಾಪ್ತಿ ಸುಮಾರು 50 ಡೆಸಿಬೆಲ್ ಮಾತ್ರ. ಅಂದರೆ 8 ಬಿಟ್‌ಗಿಂತ ತುಸು ಹೆಚ್ಚು! ಆದರೆ ಡಿಜಿಟಲ್ ಯಂತ್ರಕ್ಕೆ ಟೇಪಿನ ಸೈರಣೆ ಇಲ್ಲ. ಸಂಕೇತ ಮಿತಿ ಮೀರಿದೊಡನೆ ತರಂಗದ ತುದಿ ಕತ್ತರಿಸಿದಂತೆ ಚಪ್ಪಟೆಯಾಗಿ ಕರ್ಕಶ ಸದ್ದು ಬರುತ್ತದೆ. ಆದ್ದರಿಂದ 24 ಬಿಟ್‌ನಲ್ಲಿ, ಗರಿಷ್ಠ ಮಟ್ಟಕ್ಕಿಂತ 12 ಡೆಸಿಬೆಲ್‌ನಷ್ಟು ಕೆಳಗೆ ಮುದ್ರಿಸುವುದು ಜಾಣತನ.

ಒಂದು ಮಾತು ನೆನಪಿಡಿ. ಗಾಳಿಯ ಒತ್ತಡ ಎಂದೂ ಅಂಕಿಯಲ್ಲ. ಮೈಕ್ರೋಫೋನ್, ಧ್ವನಿವರ್ಧಕ, ಕಿವಿ ಎಲ್ಲವೂ ಅನಲಾಗ್ ಆಗಿಯೇ ಕೆಲಸ ಮಾಡುತ್ತವೆ. ಹಾಗಾಗಿ ಅತ್ಯಾಧುನಿಕ ಸ್ಟುಡಿಯೊ ಕೂಡ ಒಂದರ್ಥದಲ್ಲಿ ಮಿಶ್ರ ಸ್ಟುಡಿಯೊವೇ.

ಕೋಣೆಯ ಲೆಕ್ಕ

ಈಗ ನಿಮ್ಮ ಕೋಣೆಗೆ ಬನ್ನಿ. ಉಪಕರಣ ಕೊಳ್ಳುವ ಮೊದಲು ಒಮ್ಮೆ ಚಪ್ಪಾಳೆ ತಟ್ಟಿ. ಬರಿಯ ಗೋಡೆಗಳ ಕೋಣೆಯಾದರೆ ಸದ್ದು ಗುಂಯ್‌ಗುಟ್ಟುತ್ತದೆ. 1895ರಲ್ಲಿ ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯ ಹೊಸದಾಗಿ ಕಟ್ಟಿಸಿದ ಉಪನ್ಯಾಸ ಕೊಠಡಿಯಲ್ಲಿ ಮಾತು ಸುಮಾರು 5.5 ಸೆಕೆಂಡು ಅನುರಣಿಸಿ ಏನೂ ಅರ್ಥವಾಗುತ್ತಿರಲಿಲ್ಲ. ಅದನ್ನು ಸರಿಪಡಿಸುವ ಕೆಲಸ ಯುವ ಅಧ್ಯಾಪಕ ವ್ಯಾಲೆಸ್ ಸಬೀನ್ ಪಾಲಿಗೆ ಬಂತು. ಆತ ಪಕ್ಕದ ರಂಗಮಂದಿರದ ಕುರ್ಚಿಯ ಮೆತ್ತೆಗಳನ್ನು ರಾತ್ರಿ ಹೊತ್ತು ತಂದು, ಆರ್ಗನ್ನಿನ ಕೊಳವೆ ಊದಿ, ಸದ್ದು ಅಡಗುವ ವೇಳೆಯನ್ನು ಅಳೆದು, ಬೆಳಗಾಗುವುದರೊಳಗೆ ಮೆತ್ತೆಗಳನ್ನು ಹಿಂದಿರುಗಿಸುತ್ತಿದ್ದ! ಅದರಿಂದ ಹುಟ್ಟಿದ ಸೂತ್ರ ಸರಳ:

ಅನುರಣನ ಕಾಲ = 0.161 × ಗಾತ್ರ ÷ ಹೀರಿಕೆ

ಕೋಣೆ 3.6 ಮೀ. ಉದ್ದ, 3 ಮೀ. ಅಗಲ, 3 ಮೀ. ಎತ್ತರ ಎನ್ನೋಣ. ಗಾತ್ರ 32.4 ಘನ ಮೀಟರ್, ಒಳಮೈ 61.2 ಚದರ ಮೀಟರ್. ಗಾರೆಯ ಗೋಡೆ ತನ್ನ ಮೇಲೆ ಬಿದ್ದ ಧ್ವನಿಯ ಸುಮಾರು ಶೇ. 3ರಷ್ಟನ್ನು ಮಾತ್ರ ಹೀರುತ್ತದೆ ಎಂದುಕೊಂಡರೆ ಅನುರಣನ ಕಾಲ 2.8 ಸೆಕೆಂಡು. 10 ಚದರ ಮೀಟರಿನಷ್ಟು ಗೋಡೆಗೆ ಹತ್ತಿಯ ಹಾಸಿಗೆ, ದಪ್ಪ ರಜಾಯಿಗಳನ್ನು ಒರಗಿಸಿ. ಅವು ಶೇ. 60ರಷ್ಟು ಹೀರಿದರೆ ಕಾಲ 0.7 ಸೆಕೆಂಡಿಗೆ ಇಳಿಯುತ್ತದೆ. ಹಾಸಿಗೆಗೆ ಖರ್ಚೆಷ್ಟು? ಅದು ಮನೆಯಲ್ಲೇ ಇದೆ.

ಆದರೆ ತಗ್ಗಿನ ಸ್ವರಗಳನ್ನು ಹಾಸಿಗೆ ಅಷ್ಟಾಗಿ ಹೀರುವುದಿಲ್ಲ. ಎದುರುಬದುರು ಗೋಡೆಗಳ ನಡುವೆ ಸ್ಥಾಯೀ ತರಂಗಗಳು ಏರ್ಪಡುತ್ತವೆ. ಧ್ವನಿಯ ವೇಗವನ್ನು ಅಂತರದ ಎರಡರಷ್ಟರಿಂದ ಭಾಗಿಸಿದರೆ ಆವೃತ್ತಿ ಸಿಗುತ್ತದೆ. ಉದ್ದಕ್ಕೆ ಸುಮಾರು 48 ಹರ್ಟ್ಸ್, ಅಗಲಕ್ಕೆ 57.5, ಎತ್ತರಕ್ಕೂ 57.5. ಅಗಲ, ಎತ್ತರ ಒಂದೇ ಆದ್ದರಿಂದ ಆ ಸ್ವರ ಇಮ್ಮಡಿಯಾಗಿ ಗುಡುಗುತ್ತದೆ. ಒತ್ತಡ ಹೆಚ್ಚಾಗುವುದು ಮೂಲೆಗಳಲ್ಲಿ. ಆದ್ದರಿಂದ ಮೈಕ್ರೋಫೋನನ್ನು ಮೂಲೆಯಲ್ಲಿ ಇಡಬೇಡಿ. ದಪ್ಪ ಹಾಸಿಗೆಯನ್ನು ಸುತ್ತಿ ಮೂಲೆಗೆ ನಿಲ್ಲಿಸಿ.

ಹೊರಗಿನ ಆಟೊ ಸದ್ದಿಗೆ ಏನು ಮಾಡುವುದು? ಸಬೀನ್‌ನಂತೆ ರಾತ್ರಿ ಕೆಲಸ ಮಾಡಿ! ಜೊತೆಗೆ ವಿಲೋಮ ವರ್ಗ ನಿಯಮವನ್ನು ಬಳಸಿ. ಮೈಕ್ರೋಫೋನನ್ನು ಬಾಯಿಯಿಂದ 60 ಸೆ.ಮೀ. ಬದಲು 15 ಸೆ.ಮೀ.ಗೆ ತಂದರೆ ದನಿಯ ತೀವ್ರತೆ ಸುಮಾರು 16 ಪಟ್ಟು, ಅಂದರೆ 12 ಡೆಸಿಬೆಲ್ ಹೆಚ್ಚುತ್ತದೆ. ಬೀದಿಯ ಸದ್ದು ಮಾತ್ರ ಇದ್ದಷ್ಟೇ ಇರುತ್ತದೆ.

ಜೋಡಣೆ

ಬೇಕಾದವು ಇಷ್ಟೆ: ಒಂದು ಡೈನಾಮಿಕ್ ಮೈಕ್ರೋಫೋನ್, ಯು.ಎಸ್.ಬಿ. ಮೂಲಕ ಕಂಪ್ಯೂಟರಿಗೆ ಸೇರುವ ಒಂದು ಆಡಿಯೊ ಇಂಟರ್‌ಫೇಸ್, ಹೆಡ್‌ಫೋನ್, ಸುಸ್ಥಿತಿಯ ಒಂದು ಹಳೆಯ ಕ್ಯಾಸೆಟ್ ಡೆಕ್ ಮತ್ತು 2000ದಲ್ಲಿ ಬಿಡುಗಡೆಯಾದ ‘ಅಡಾಸಿಟಿ’ಯಂಥ ಉಚಿತ ತಂತ್ರಾಂಶ. ತಂತಿ, ಪಿನ್ನುಗಳು ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಸಿಗುತ್ತವೆ. ಡೆಕ್ಕಿನ ‘ಲೈನ್ ಔಟ್’ನಿಂದ ಇಂಟರ್‌ಫೇಸಿನ ‘ಲೈನ್ ಇನ್’ಗೆ ತಂತಿ ಎಳೆಯಿರಿ. ಎಲ್ಲ ಉಪಕರಣಗಳಿಗೂ ಒಂದೇ ಪ್ಲಗ್ ಬೋರ್ಡಿನಿಂದ ವಿದ್ಯುತ್ ಕೊಡಿ, ಇಲ್ಲವಾದರೆ ಬೇರೆ ಬೇರೆ ಅರ್ಥಿಂಗ್ ನಡುವೆ ಪ್ರವಾಹ ಹರಿದು 50 ಹರ್ಟ್ಸಿನ ಗುಂಯ್ ಸದ್ದು ಸೇರಿಕೊಳ್ಳಬಹುದು. ಆ ಸದ್ದು ನಿಲ್ಲಲೆಂದು ಅರ್ಥ್ ಪಿನ್ನನ್ನು ಎಂದಿಗೂ ತೆಗೆಯಬೇಡಿ, ಅದು ಅಪಾಯ.

ಕ್ಯಾಸೆಟ್ ಹಾಕುವ ಮುನ್ನ ಡೆಕ್ಕಿನ ತಲೆಯನ್ನು ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಅದ್ದಿದ ಹತ್ತಿಯಿಂದ ಒರೆಸಿ. ಏಕೆ? 10,000 ಹರ್ಟ್ಸಿನ ಸ್ವರಕ್ಕೆ ಟೇಪಿನ ಮೇಲೆ ಸಿಗುವ ತರಂಗದೂರ 4.76 ಸೆ.ಮೀ. ಭಾಗಿಸು 10,000, ಅಂದರೆ 5 ಮೈಕ್ರೊಮೀಟರಿಗೂ ಕಡಿಮೆ. ತಲೆ ಮತ್ತು ಟೇಪಿನ ನಡುವೆ ಒಂದು ಧೂಳಿನ ಕಣ ಸಿಕ್ಕಿದರೂ ಅಜ್ಜಿಯ ದನಿಯ ಹೊಳಪು ಹೋಗುತ್ತದೆ.

24 ಬಿಟ್, ಸೆಕೆಂಡಿಗೆ 48,000 ಅಳತೆಯಲ್ಲಿ ಉಳಿಸಿ. ಗಂಟೆಗೆ ಸುಮಾರು 1 ಗಿಗಾಬೈಟ್ ಆಗುತ್ತದೆ. ಮೂಲ ಪ್ರತಿಯನ್ನು ತಿದ್ದದೆ ಹಾಗೆಯೇ ಇಡಿ, ಗೊರಗೊರ ತೆಗೆಯುವ ಕೆಲಸ ನಕಲಿನ ಮೇಲೆ ನಡೆಯಲಿ. ಹಾಡಿದವರು, ಊರು, ವರ್ಷ ಬರೆದಿಡಿ. ಹಾರ್ಡ್ ಡಿಸ್ಕೂ ಕೆಡುವ ವಸ್ತುವೇ. ಆದ್ದರಿಂದ ಮೂರು ಪ್ರತಿಗಳಿರಲಿ, ಒಂದು ಬೇರೆ ಊರಿನಲ್ಲಿರಲಿ.

ಅಧ್ಯಾಪಕರಿಗೆ ಇದೇ ಕೋಣೆ ಪ್ರಯೋಗಾಲಯವೂ ಆಗಬಲ್ಲದು. ಬೆಂಗಳೂರಿನಲ್ಲಿದ್ದ ಸಿ.ವಿ. ರಾಮನ್ 1934ರಲ್ಲಿ ಭಾರತೀಯ ಚರ್ಮವಾದ್ಯಗಳ ಬಗ್ಗೆ ಲೇಖನ ಪ್ರಕಟಿಸಿದರು. ಮೃದಂಗದ ನಡುವಣ ಕಪ್ಪು ಲೇಪದಿಂದಾಗಿ ಅದರ ಉಪಸ್ವರಗಳು ತಂತಿಯ ಸ್ವರಗಳಂತೆ ಪೂರ್ಣಾಂಕ ಅನುಪಾತದಲ್ಲಿ ಹೊಂದುತ್ತವೆ ಎಂದು ಅವರು ತೋರಿಸಿದ್ದರು. ಚರ್ಮದ ಮೇಲೆ ಮರಳು ಚೆಲ್ಲಿ ಅವರು ನೋಡಿದ್ದನ್ನು ನಿಮ್ಮ ವಿದ್ಯಾರ್ಥಿಗಳು ಈಗ ಕಂಪ್ಯೂಟರಿನ ಆವೃತ್ತಿ ರೋಹಿತದಲ್ಲಿ ನೋಡಬಹುದು.

ಕಾಲ ಕಡಿಮೆಯಿದೆ

2020ರಲ್ಲಿ ಯುನೆಸ್ಕೊ ಮತ್ತು ಅಂತರರಾಷ್ಟ್ರೀಯ ಧ್ವನಿ ಸಂಗ್ರಹಾಲಯಗಳ ಒಕ್ಕೂಟ ಪ್ರಪಂಚಕ್ಕೆ ಒಂದು ಎಚ್ಚರಿಕೆ ಕೊಟ್ಟವು. ಟೇಪುಗಳು ಹಾಳಾಗುವ ಮೊದಲೇ ಅವನ್ನು ನುಡಿಸುವ ಯಂತ್ರ, ಬಿಡಿಭಾಗ ಮತ್ತು ದುರಸ್ತಿ ಬಲ್ಲವರು ಇಲ್ಲವಾಗುತ್ತಾರೆ ಎಂಬುದೇ ಅದರ ತಿರುಳು. ನಮ್ಮಲ್ಲಿ ಮಳೆಗಾಲದ ತೇವ, ಬೂಷ್ಟುಗಳ ಕಾಟ ಬೇರೆ.

ಕಂಪನಿಗಳ ಹಾಡುಗಳಿಗೆ ಹಲವು ಪ್ರತಿಗಳಿವೆ. ಅಟ್ಟದ ಡಬ್ಬಿಯಲ್ಲಿರುವ ನಿಮ್ಮ ಮನೆಯ ಕ್ಯಾಸೆಟ್ಟಿಗೆ ಇರುವುದು ಒಂದೇ ಪ್ರತಿ. ಅದನ್ನು ಯಾವ ಸಂಸ್ಥೆಯೂ ಹುಡುಕಿಕೊಂಡು ಬರುವುದಿಲ್ಲ. ಗೋಪಾಲಸ್ವಾಮಿಯವರು 30 ವ್ಯಾಟಿನಲ್ಲಿ, ಸಬೀನ್ ಎರವಲು ಮೆತ್ತೆಗಳಲ್ಲಿ ಕೆಲಸ ಶುರುಮಾಡಿದರು. ನಿಮ್ಮ ಬಳಿ ಅದಕ್ಕಿಂತ ಹೆಚ್ಚಿನ ಸಲಕರಣೆ ಇದೆ. ಈ ರಜೆಯಲ್ಲಿ ಊರಿಗೆ ಹೋದಾಗ ಅಟ್ಟ ಹತ್ತಿ ನೋಡುತ್ತೀರಲ್ಲವೆ?