ವೀರಗಲ್ಲಿನ ಕೆಳಗೆ ನಿಧಿ ಇರುತ್ತದೆಯೇ? ಹೊಲದಲ್ಲಿ ಹಳೆಯ ಕಲ್ಲು ಕಂಡರೆ ಏನು ಮಾಡಬೇಕು?

‘ಸೂರ್ಯ, ಚಂದ್ರ ಕೆತ್ತಿದ ಕಲ್ಲು ಇದ್ದ ಕಡೆ ನಿಧಿ ಇರುತ್ತದೆ, ಅದರ ಮೇಲಿನ ಅಕ್ಷರಗಳು ರಹಸ್ಯ ಸಂಕೇತ.’ ಇಂಥ ಸಂದೇಶ ನಿಮ್ಮ ವಾಟ್ಸಾಪ್‌ಗೂ ಬಂದಿರಬಹುದು. ಇದನ್ನು ನಂಬಿ ರಾತ್ರೋರಾತ್ರಿ ಕಲ್ಲು ಕಿತ್ತು ಗುಂಡಿ ತೋಡುವವರಿದ್ದಾರೆ. ಹಾಗಾದರೆ ಇದು ನಿಜವೇ? ನೋಡೋಣ.

ಕಾಮಸಮುದ್ರದ ಸುತ್ತ ಈ ಮಾತು ಏಕೆ ಬೇಗ ಹರಡುತ್ತದೆ?

ಬಂಗಾರಪೇಟೆ ತಾಲ್ಲೂಕಿನ ಕಾಮಸಮುದ್ರಕ್ಕೆ ಕೆಜಿಎಫ್ ಹತ್ತಿರ. ಅಲ್ಲಿನ ಗಣಿ 2001ರಲ್ಲಿ ಮುಚ್ಚಿದರೂ ‘ನೆಲದಡಿ ಚಿನ್ನ’ ಎಂದರೆ ಜನ ತಕ್ಷಣ ಕಿವಿಗೊಡುತ್ತಾರೆ. ಆದರೆ ಗಣಿಯ ಚಿನ್ನ ಇದ್ದದ್ದು ಬಂಡೆಯೊಳಗಿನ ಅದಿರಿನಲ್ಲಿ. ಅದಕ್ಕೂ ಹೊಲದ ಬದುವಿನಲ್ಲಿ ನಿಂತ ವೀರಗಲ್ಲಿಗೂ ಸಂಬಂಧವಿಲ್ಲ.

ವೀರಗಲ್ಲು ಎಂದರೇನು?

ದನ ಕದ್ದೊಯ್ಯುವವರನ್ನು ತಡೆಯುವಾಗ, ಊರು ಕಾಯುವಾಗ, ಯುದ್ಧದಲ್ಲಿ ಅಥವಾ ಕಾಡುಪ್ರಾಣಿಯೊಡನೆ ಹೋರಾಡಿ ಸತ್ತವರ ನೆನಪಿಗೆ ನಿಲ್ಲಿಸಿದ ಕಲ್ಲು ಇದು. ಅನೇಕ ವೀರಗಲ್ಲುಗಳಲ್ಲಿ ಮೂರು ಹಂತಗಳಿರುತ್ತವೆ. ಕೆಳಗೆ ಹೋರಾಟ, ನಡುವೆ ವೀರನನ್ನು ಸ್ವರ್ಗಕ್ಕೆ ಕರೆದೊಯ್ಯುವ ಅಪ್ಸರೆಯರು, ಮೇಲೆ ದೇವರ ಸನ್ನಿಧಿ. ಸೂರ್ಯ, ಚಂದ್ರರ ಅರ್ಥ ‘ಅವು ಇರುವವರೆಗೂ ಈ ಕೀರ್ತಿ ಇರಲಿ’ ಎಂದಷ್ಟೇ. ಅಕ್ಷರಗಳೂ ಸಂಕೇತವಲ್ಲ, ಹಳೆಯ ಲಿಪಿ. ಕೋಲಾರ ಸೀಮೆಯನ್ನು ಗಂಗರು, ಬಾಣರು, ನೊಳಂಬರು, ಚೋಳರು ಆಳಿದ್ದರಿಂದ ಇಲ್ಲಿ ಕನ್ನಡದ ಜೊತೆಗೆ ತಮಿಳು ಶಾಸನಗಳೂ ಸಿಗುತ್ತವೆ. ಬಿ.ಎಲ್. ರೈಸ್ ಅವರು ಈ ಜಿಲ್ಲೆಯ ಶಾಸನಗಳನ್ನು ಓದಿಸಿ ‘ಎಪಿಗ್ರಾಫಿಯಾ ಕರ್ನಾಟಿಕಾ’ದ 10ನೇ ಸಂಪುಟದಲ್ಲಿ 1905ರಲ್ಲೇ ಪ್ರಕಟಿಸಿದ್ದಾರೆ.

ಹಾಗಾದರೆ ವೀರನಿಗೆ ಸಿಕ್ಕ ಬಹುಮಾನ ಎಲ್ಲಿ?

ಅದನ್ನು ಶಾಸನಗಳೇ ಹೇಳುತ್ತವೆ. ಬಹುಮಾನ ಹೆಚ್ಚಾಗಿ ಭೂಮಿಯ ರೂಪದಲ್ಲಿತ್ತು. ‘ಬಾಳ್ಗಚ್ಚು’ ಎಂದರೆ ಕತ್ತಿ ತೊಳೆದು ಕೊಡುವ ದತ್ತಿ, ‘ನೆತ್ತರುಗೊಡಗೆ’ ಎಂದರೆ ಸತ್ತವನ ಮನೆಯವರಿಗೆ ಕೊಡುವ ನೆಲ. ಅಂದರೆ ಸಂಪತ್ತು ಕಲ್ಲಿನಡಿ ಹೂತಿರಲಿಲ್ಲ, ಕುಟುಂಬದ ಕೈ ಸೇರಿತ್ತು.

ಒಂದು ಉದಾಹರಣೆ ಬೇಕೇ? ಬೆಂಗಳೂರಿನ ಕಸ್ತೂರ್ಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯಕ್ಕೆ ಹೋಗಿ. 1865ರಲ್ಲಿ ಶುರುವಾದ ಈ ಮ್ಯೂಸಿಯಂನಲ್ಲಿ ಮಂಡ್ಯ ಜಿಲ್ಲೆಯ ಆತಕೂರಿನ ಕಲ್ಲು ಇದೆ. ಸುಮಾರು ಕ್ರಿ.ಶ. 950ರ ಈ ಕಲ್ಲು ‘ಕಾಳಿ’ ಎಂಬ ಬೇಟೆನಾಯಿಯ ನೆನಪಿನದು. ಕಾಡುಹಂದಿಯೊಡನೆ ಕಾದಾಡಿ ನಾಯಿಯೂ ಸತ್ತಿತು, ಹಂದಿಯೂ ಸತ್ತಿತು. ಅದೇ ಕಲ್ಲಿನಲ್ಲಿ ತಕ್ಕೋಲದ ಯುದ್ಧದ ಸುದ್ದಿಯೂ ಇದೆ. ನಾಯಿಯ ಒಡೆಯ ಮಣಲೇರನಿಗೆ ಗಂಗರ ಬೂತುಗ ಬಾಳ್ಗಚ್ಚಾಗಿ ಊರು ಕೊಟ್ಟ ವಿವರವೂ ಇದೆ. ನಿಧಿಯ ಆಸೆಗೆ ಯಾರಾದರೂ ಆ ಕಲ್ಲನ್ನು ಒಡೆದಿದ್ದರೆ ಇಷ್ಟೂ ಕಥೆ ಮಣ್ಣಾಗುತ್ತಿತ್ತು.

ನಿಮ್ಮ ಹೊಲದಲ್ಲಿ ಕಲ್ಲು ಕಂಡರೆ

• ಕೀಳಬೇಡಿ, ಬಣ್ಣ ಬಳಿಯಬೇಡಿ, ತಂತಿ ಬ್ರಷ್‌ನಿಂದ ಉಜ್ಜಬೇಡಿ. ಕಲ್ಲು ಎಲ್ಲಿ ನಿಂತಿದೆ ಎಂಬುದೂ ಇತಿಹಾಸವೇ.
• ಬೆಳಗ್ಗೆ ಅಥವಾ ಸಂಜೆಯ ಓರೆ ಬಿಸಿಲಿನಲ್ಲಿ ಫೋಟೋ ತೆಗೆಯಿರಿ. ಆಗ ಅಕ್ಷರ ಚೆನ್ನಾಗಿ ಕಾಣುತ್ತದೆ. ಪಕ್ಕದಲ್ಲಿ ಒಂದು ಸ್ಕೇಲ್ ಇಡಿ.
• ಪಂಚಾಯಿತಿಗೆ, ಪುರಾತತ್ವ, ಸಂಗ್ರಹಾಲಯಗಳು ಮತ್ತು ಪರಂಪರೆ ಇಲಾಖೆಗೆ ತಿಳಿಸಿ.
• ನಾಣ್ಯ, ಒಡವೆ ಸಿಕ್ಕರೆ ಬಚ್ಚಿಡುವುದು ಅಪರಾಧ. ಜಿಲ್ಲಾಡಳಿತಕ್ಕೆ ತಿಳಿಸಲೇಬೇಕು.
• ‘ಹಳೆಯ ಮೂರ್ತಿಗೆ ವಿದೇಶದಲ್ಲಿ ಕೋಟಿ ಬೆಲೆ’ ಎಂಬ ಮಾತಿಗೂ ಮರುಳಾಗಬೇಡಿ. 1972ರ ಕಾಯ್ದೆಯಂತೆ 100 ವರ್ಷ ದಾಟಿದ ಪುರಾತನ ವಸ್ತುವನ್ನು ಖಾಸಗಿಯವರು ಹೊರದೇಶಕ್ಕೆ ಸಾಗಿಸುವಂತಿಲ್ಲ.

ಕೊನೆಯ ಮಾತು

ವೀರಗಲ್ಲು ನಿಧಿಯ ಗುರುತು ಎಂಬುದು ಸುಳ್ಳು. ಆ ಕಲ್ಲು ನಿಮ್ಮ ಊರಿನಲ್ಲಿ ಯಾರೋ ಒಬ್ಬರು ಊರಿಗಾಗಿ ಪ್ರಾಣ ಕೊಟ್ಟರು ಎನ್ನುವುದಕ್ಕೆ ಉಳಿದಿರುವ ಒಂದೇ ಸಾಕ್ಷಿಯಾಗಿರಬಹುದು. ನಿಧಿಯ ಸಂದೇಶ ಬಂದ ಗುಂಪಿಗೇ ಇದನ್ನೂ ಕಳುಹಿಸಿ.