ಕೆಲಸದ ಜಾಗದ ಒರಟುತನ

ಸಹೋದ್ಯೋಗಿಯ ನಮಸ್ಕಾರಕ್ಕೆ ಮುಖ ತಿರುಗಿಸುವುದು, ಮೀಟಿಂಗಿನಲ್ಲಿ ಬಾಯಿ ಮುಚ್ಚಿಸುವುದು, ಎಲ್ಲರೆದುರು ಹಂಗಿಸುವುದು ಮುಂತಾದ ಸಣ್ಣಪುಟ್ಟ ಅಗೌರವಗಳಿಗೆ ಈ ಹೆಸರು. ಕಿರುಕುಳದಲ್ಲಿ ನೋಯಿಸುವ ಉದ್ದೇಶ ಎದ್ದು ಕಾಣುತ್ತದೆ. ಇಲ್ಲಿ ಅದು ಮಸುಕು. ‘ತಮಾಷೆಗೆ ಅಂದೆ’ ಎಂದು ಜಾರಿಕೊಳ್ಳಲು ಸದಾ ದಾರಿಯಿರುತ್ತದೆ. ಸಂಶೋಧಕರಾದ ಲಿನ್ ಆಂಡರ್ಸನ್ ಮತ್ತು ಕ್ರಿಸ್ಟೀನ್ ಪಿಯರ್ಸನ್ 1999ರಲ್ಲಿ ಈ ವ್ಯತ್ಯಾಸವನ್ನು ಗುರುತಿಸಿ, ಮಾತಿಗೆ ಮಾತು ಬೆಳೆದು ಒರಟುತನ ಸುರುಳಿಯಂತೆ ಹಬ್ಬುವ ಬಗೆಯನ್ನು ವಿವರಿಸಿದರು.

ಹಂಗಿಸಿಕೊಂಡವರ ಕೈ ಕೆಲಸದಲ್ಲಿದ್ದರೂ ಮನಸ್ಸು ಆ ಮಾತನ್ನೇ ಮೆಲುಕು ಹಾಕುತ್ತಿರುತ್ತದೆ. ಸಂಶೋಧಕರಾದ ಕ್ರಿಸ್ಟೀನ್ ಪೊರಾತ್ ಮತ್ತು ಅಮೀರ್ ಎರೆಜ್ 2007ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ ಒರಟು ಮಾತಿಗೆ ಗುರಿಯಾದವರು ಅಕ್ಷರ ಅದಲುಬದಲಾದ ಪದಗಳನ್ನು ಬಿಡಿಸುವುದರಲ್ಲಿ ಹಿಂದೆ ಬಿದ್ದರು. ಇಟ್ಟಿಗೆಯಿಂದ ಏನೇನು ಮಾಡಬಹುದು ಎಂದರೆ ಹೊಳೆದದ್ದೂ ಕಡಿಮೆ. ಪಕ್ಕದಲ್ಲಿ ನಿಂತು ನೋಡಿದವರ ಕೆಲಸವೂ ಕುಂದಿತೆಂದು ಇವರದೇ 2009ರ ಅಧ್ಯಯನ ತೋರಿಸಿತು.

ಪದದ ಒಗಟು ತಪ್ಪಿದರೆ ಹೋಗಲಿ ಎನ್ನಬಹುದು. 2015ರಲ್ಲಿ ಪ್ರಕಟವಾದ ಇಸ್ರೇಲಿನ ಅಧ್ಯಯನ ಹಾಗೆನ್ನಲು ಬಿಡುವುದಿಲ್ಲ. ನವಜಾತ ಶಿಶುಗಳ ತೀವ್ರ ನಿಗಾ ಘಟಕಗಳ 24 ತಂಡಗಳು ಅಣಕು ತರಬೇತಿಯಲ್ಲಿ, ದಿನ ತುಂಬುವ ಮೊದಲೇ ಹುಟ್ಟಿ ಕರುಳಿನ ಕಾಯಿಲೆಯಿಂದ ಹದಗೆಡುತ್ತಿದ್ದ ಮಗುವನ್ನು ನೋಡಿಕೊಳ್ಳಬೇಕಿತ್ತು. ಕೆಲವು ತಂಡಗಳಿಗೆ ಕೇಳುವಂತೆ ವಿದೇಶಿ ತಜ್ಞನೊಬ್ಬ ಇಸ್ರೇಲಿನ ವೈದ್ಯಕೀಯ ಮಟ್ಟವನ್ನು ಹೀಗಳೆದ. ಕೂಗಾಟವಿಲ್ಲ, ಬೈಗುಳವಿಲ್ಲ. ಆದರೂ ಆ ತಂಡಗಳ ರೋಗನಿರ್ಣಯ, ಚಿಕಿತ್ಸೆ ಎರಡೂ ಕಳಪೆಯಾದವು. ತಿಳಿದದ್ದನ್ನು ಹಂಚಿಕೊಳ್ಳುವುದು, ಒಬ್ಬರನ್ನೊಬ್ಬರು ನೆರವು ಕೇಳುವುದು ಅವರಲ್ಲಿ ಕುಗ್ಗಿತ್ತು.